ನಗರಾಡಳಿತದ ದೋಣಿಯಿಂದ ಸ್ವತ್ತಿಗೆ ಹಾನಿಯಾದರೆ: ಅಮೆರಿಕದಲ್ಲಿ ಪರಿಹಾರ ಪಡೆಯುವ ಕ್ರಮ

ಅಮೆರಿಕದಲ್ಲಿ ನದಿ, ಸರೋವರ ಅಥವಾ ಸಮುದ್ರದ ದಂಡೆಯಲ್ಲಿರುವ ಅನೇಕ ನಗರಗಳು ಸ್ವಂತ ದೋಣಿಗಳನ್ನು ಇಟ್ಟುಕೊಂಡಿರುತ್ತವೆ. ಪೊಲೀಸರ ಗಸ್ತು ದೋಣಿ, ಅಗ್ನಿಶಾಮಕ ದೋಣಿ, ಫೆರಿ, ಬಂದರಿನ ದುರಸ್ತಿಗೆ ಓಡಾಡುವ ದೋಣಿ, ಇವುಗಳಲ್ಲೊಂದು ಕಟ್ಟಿ ನಿಲ್ಲಿಸಿದ್ದ ನಿಮ್ಮ ದೋಣಿಗೆ ಬಡಿಯಬಹುದು, ನಿಮ್ಮ ಡಾಕಿನ ಕಂಬವನ್ನು ಮುರಿಯಬಹುದು, ಇಲ್ಲವೇ ಅತಿವೇಗದಲ್ಲಿ ಹಾದುಹೋದಾಗ ಎದ್ದ ಅಲೆಯ ಹೊಡೆತಕ್ಕೆ ನಿಮ್ಮ ದೋಣಿ ಕಟ್ಟೆಗೆ ಅಪ್ಪಳಿಸಬಹುದು. ತಪ್ಪು ನಗರದ್ದೇ ಎಂಬುದು ನೋಡಿದವರಿಗೆಲ್ಲ ಸ್ಪಷ್ಟವಾಗಿದ್ದರೂ ಪರಿಹಾರ ತಾನಾಗಿ ಬರುವುದಿಲ್ಲ. ಖಾಸಗಿ ವ್ಯಕ್ತಿಯ ಮೇಲಿನ ಕ್ಲೇಮಿನಲ್ಲಿ ತಪ್ಪು ಯಾರದೆಂಬ ಪ್ರಶ್ನೆ ಮೊದಲು ಬರುತ್ತದೆ. ನಗರದ ಮೇಲಿನ ಕ್ಲೇಮಿನಲ್ಲಿ ಅದಕ್ಕೂ ಮೊದಲು, ಲಿಖಿತ ನೋಟಿಸು ಯಾವ ತಾರೀಖಿನಂದು ಯಾವ ಕಚೇರಿಗೆ ತಲುಪಿತೆಂಬ ಪ್ರಶ್ನೆ ಬರುತ್ತದೆ. ನ್ಯಾಯ ತಮ್ಮ ಕಡೆಗಿದೆ ಎಂಬ ಭರವಸೆಯಲ್ಲಿ ಕಾದು ಕೂತವರು ಈ ಒಂದು ಪ್ರಶ್ನೆಗೆ ಉತ್ತರವಿಲ್ಲದೆ ಎಲ್ಲವನ್ನೂ ಕಳೆದುಕೊಳ್ಳುವುದನ್ನು ತಪ್ಪಿಸಲೆಂದೇ ಈ ಬರಹ. ಇಲ್ಲಿರುವುದು ಸ್ವತ್ತಿನ ಹಾನಿಯ ವಿಚಾರ ಮಾತ್ರ. ಯಾರಿಗಾದರೂ ಗಾಯವಾಗಿದ್ದರೆ ಅಥವಾ ಜೀವಹಾನಿಯಾಗಿದ್ದರೆ ನೇರವಾಗಿ ವಕೀಲರ ಬಳಿಗೆ ಹೋಗಬೇಕು.

ಅಪಘಾತದ ದಿನ ಮತ್ತು ಅದರ ಮರುದಿನ

ಎಲ್ಲರೂ ಸುರಕ್ಷಿತವಾಗಿದ್ದಾರೆ ಎಂದು ಖಚಿತವಾದ ಮೇಲೆ ಮಾಡಬೇಕಾದ ಮೊದಲ ಕೆಲಸ ಹಾನಿ ಹೆಚ್ಚದಂತೆ ನೋಡಿಕೊಳ್ಳುವುದು. ನೀರು ಒಳನುಗ್ಗುತ್ತಿದ್ದರೆ ಪಂಪು ಹಾಕಿ ಹೊರಗೆ ತೆಗೆಯಿರಿ, ದೋಣಿಯನ್ನು ಆಳವಿಲ್ಲದ ಕಡೆಗೆ ಎಳೆಸಿರಿ, ಸಡಿಲವಾದ ಡಾಕಿನ ಭಾಗವನ್ನು ಹಗ್ಗದಿಂದ ಬಿಗಿಯಿರಿ. ತಡೆಯಬಹುದಾಗಿದ್ದ ಹಾನಿಯನ್ನು ತಡೆಯದೆ ಬಿಟ್ಟರೆ ಅಷ್ಟರಮಟ್ಟಿಗೆ ಪರಿಹಾರ ಕಡಿತವಾಗುತ್ತದೆ. ತಡೆಯಲು ಮಾಡಿದ ನ್ಯಾಯವಾದ ಖರ್ಚನ್ನು ಕ್ಲೇಮಿನಲ್ಲಿ ಸೇರಿಸಬಹುದು. ಇಂಧನ ನೀರಿಗೆ ಸೋರಿ ಎಣ್ಣೆಯ ಪದರ ಕಾಣಿಸಿಕೊಂಡರೆ ಇಂಥ ಸೋರಿಕೆಯ ವರದಿ ಪಡೆಯುವ ಕೇಂದ್ರ ಸರ್ಕಾರದ ಕಚೇರಿಯಾದ ನ್ಯಾಷನಲ್ ರೆಸ್ಪಾನ್ಸ್ ಸೆಂಟರಿಗೆ ತಿಳಿಸುವುದು ಕಡ್ಡಾಯ.

ಅದಾದ ಮೇಲೆ ಅಪಘಾತದ ವರದಿ. ಕೇಂದ್ರ ನಿಯಮದಂತೆ, ದೋಣಿಗಳಿಗೂ ಇತರ ಸ್ವತ್ತಿಗೂ ಆದ ಒಟ್ಟು ಹಾನಿ 2,000 ಡಾಲರ್ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ, ಇಲ್ಲವೇ ದೋಣಿ ಪೂರ್ತಿ ನಾಶವಾಗಿದ್ದರೆ, ದೋಣಿ ನಡೆಸುತ್ತಿದ್ದವರು ರಾಜ್ಯದ ದೋಣಿ ವಿಭಾಗಕ್ಕೆ ವರದಿ ಕೊಡಬೇಕು. ಸ್ವತ್ತಿನ ಹಾನಿ ಮಾತ್ರ ಆಗಿದ್ದರೆ ಇದಕ್ಕೆ 10 ದಿನಗಳ ಕಾಲಾವಕಾಶವಿದೆ. ಗಾಯ ಅಥವಾ ಸಾವು ಸಂಭವಿಸಿದ್ದರೆ 48 ಗಂಟೆ. ಕೆಲವು ರಾಜ್ಯಗಳು ಇದಕ್ಕಿಂತ ಕಡಿಮೆ ಮೊತ್ತಕ್ಕೂ ವರದಿ ಕೇಳುತ್ತವೆ. ನಗರದ ಪೊಲೀಸರೇ ಸ್ಥಳದಲ್ಲಿದ್ದು ಎಲ್ಲವನ್ನೂ ಬರೆದುಕೊಂಡಿದ್ದಾರೆ ಎಂದು ಈ ವರದಿಯನ್ನು ಬಿಡಬಾರದು, ಏಕೆಂದರೆ ಅವರು ಬರೆದುಕೊಂಡದ್ದು ಅವರ ಇಲಾಖೆಯ ದಾಖಲೆ, ನಿಮ್ಮ ಕರ್ತವ್ಯದ ವರದಿ ಬೇರೆ. ಇನ್ನೂ ಒಂದು ಮಾತು: ಇವೆರಡರಲ್ಲಿ ಯಾವುದೂ ಪರಿಹಾರದ ಕ್ಲೇಮು ಎಂದು ಲೆಕ್ಕಕ್ಕೆ ಬರುವುದಿಲ್ಲ.

ಸಾಕ್ಷ್ಯವನ್ನು ಅದೇ ದಿನ ಕೂಡಿಸಬೇಕು. ನಗರದ ದೋಣಿಯ ನೋಂದಣಿ ಸಂಖ್ಯೆ ಅಥವಾ ಘಟಕದ ಸಂಖ್ಯೆ, ಚಾಲಕರ ಹೆಸರು ಮತ್ತು ಬ್ಯಾಡ್ಜ್ ಸಂಖ್ಯೆ, ಗಾಳಿಯ ದಿಕ್ಕು, ನೀರಿನ ಸೆಳೆತ, ಬೆಳಕು, ನೋಡಿದವರ ಹೆಸರು ಮತ್ತು ಫೋನ್ ಸಂಖ್ಯೆ, ಇವೆಲ್ಲ ಬೇಕು. ಫೋಟೊ ತೆಗೆಯುವಾಗ ಬರೀ ಬಿರುಕನ್ನು ಹತ್ತಿರದಿಂದ ತೆಗೆದರೆ ಸಾಲದು. ದೋಣಿ, ಡಾಕು, ದಡದ ಯಾವುದಾದರೊಂದು ಗುರುತು ಒಂದೇ ಚೌಕಟ್ಟಿನಲ್ಲಿ ಕಾಣುವಂತೆ ದೂರದಿಂದಲೂ ತೆಗೆದಿಡಿ. ಮರೀನಾದ (ದೋಣಿಗಳ ತಂಗುದಾಣದ) ಕ್ಯಾಮೆರಾಗಳಲ್ಲಿ ಹಳೆಯ ದೃಶ್ಯದ ಮೇಲೆ ಹೊಸತು ದಾಖಲಾಗುತ್ತಾ ಹೋಗುವುದರಿಂದ, ಆ ದೃಶ್ಯವನ್ನು ಅಳಿಸದೆ ಉಳಿಸಬೇಕೆಂದು ಮರೀನಾದ ಆಡಳಿತಕ್ಕೆ ಕೂಡಲೇ ಬರೆದು ಕೊಡಿ. ನಗರಕ್ಕೂ ಇಂಥದೇ ಪತ್ರ ಹೋಗಬೇಕು; ಅದರಲ್ಲಿ ದೋಣಿಯ ಜಿಪಿಎಸ್ ದಾಖಲೆ, ಎಂಜಿನ್ನಿನ ದಾಖಲೆ, ರೇಡಿಯೊ ಸಂಭಾಷಣೆ, ಸಿಬ್ಬಂದಿ ಧರಿಸಿದ್ದ ಕ್ಯಾಮೆರಾದ ದೃಶ್ಯ ಮತ್ತು ನಿರ್ವಹಣಾ ಪುಸ್ತಕವನ್ನು ಹೆಸರು ಹಿಡಿದು ಕೇಳಬೇಕು. ಮುಂದೆ ಅವುಗಳ ಪ್ರತಿಗಳನ್ನು ಸಾರ್ವಜನಿಕ ದಾಖಲೆಗಳ ಕಾನೂನಿನ ಅಡಿಯಲ್ಲಿ ಕೋರಬಹುದು.

ಗಡುವು

ಭಾರತದಲ್ಲಿ ಸರ್ಕಾರದ ಮೇಲೆ ದಾವೆ ಹೂಡುವ ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ ನೋಟಿಸು ಕೊಟ್ಟು ಎರಡು ತಿಂಗಳು ಕಾಯುವುದನ್ನು ಬಲ್ಲವರಿಗೆ ಅಮೆರಿಕದ ಪದ್ಧತಿ ಪರಿಚಿತವೆನ್ನಿಸಬಹುದು. ಆದರೆ ಇಲ್ಲಿ ನೋಟಿಸಿಗೇ ಗಡುವಿದೆ, ಮತ್ತು ಅದು ಅಪಘಾತದ ದಿನದಿಂದಲೇ ಓಡತೊಡಗುತ್ತದೆ. ಗಡುವು ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಕ್ಯಾಲಿಫೋರ್ನಿಯಾದಲ್ಲಿ ದೋಣಿಯಂಥ ಚರ ಸ್ವತ್ತಿಗೆ ಆದ ಹಾನಿಯ ಕ್ಲೇಮನ್ನು ಆರು ತಿಂಗಳೊಳಗೆ ನಗರಕ್ಕೆ ಸಲ್ಲಿಸಬೇಕು. ನೆಲಕ್ಕೆ ಸೇರಿದ ಸ್ಥಿರ ಸ್ವತ್ತಿನ ಹಾನಿಗೆ ಒಂದು ವರ್ಷವಿದೆ. ನೀರಿನಲ್ಲಿ ತೇಲುವ ಡಾಕು ಚರವೋ ಸ್ಥಿರವೋ ಎಂಬ ವಾದದಲ್ಲಿ ನಿಮ್ಮ ಪರಿಹಾರವನ್ನು ಪಣಕ್ಕಿಡುವುದು ಬೇಡ. ಎಲ್ಲವನ್ನೂ ಒಂದೇ ಕ್ಲೇಮಿನಲ್ಲಿ ಆರು ತಿಂಗಳೊಳಗೆ ಕೊಡಿ. ಗಡುವು ಮೀರಿದ್ದರೆ, ಹಾನಿಯಾದ ಒಂದು ವರ್ಷದೊಳಗೆ ತಡವಾದ ಕ್ಲೇಮಿಗೆ ಅನುಮತಿ ಬೇಡಬಹುದು. ಅದಕ್ಕೆ ಒಪ್ಪತಕ್ಕ ಕಾರಣ ತೋರಿಸಬೇಕು. ನ್ಯೂಯಾರ್ಕ್ ರಾಜ್ಯದ ನಗರಗಳ ವಿಷಯದಲ್ಲಿ ನೋಟಿಸಿಗೆ ಇರುವುದು 90 ದಿನ ಮಾತ್ರ, ಅದು ನಿಜವೆಂದು ಪ್ರಮಾಣ ಮಾಡಿ ಸಹಿ ಹಾಕಿದ ನೋಟಿಸು ಆಗಿರಬೇಕು, ಮತ್ತು ದಾವೆಯನ್ನು ಘಟನೆಯಾದ ಒಂದು ವರ್ಷ 90 ದಿನಗಳೊಳಗೆ ಹೂಡಬೇಕು. ಟೆಕ್ಸಾಸಿನಲ್ಲಿ ಕಾಯಿದೆ ಆರು ತಿಂಗಳೆಂದರೂ ನಗರದ ಸನದು (ನಗರಾಡಳಿತದ ಮೂಲ ನಿಯಮಾವಳಿ) ಅದಕ್ಕಿಂತ ಕಡಿಮೆ ಅವಧಿ ಹೇಳಿದ್ದರೆ ಅದೇ ಮಾನ್ಯ; ಸ್ವತ್ತಿನ ಹಾನಿಗೆ ನಗರದ ಹೊಣೆ ಒಂದು ಘಟನೆಗೆ 1,00,000 ಡಾಲರಿನ ಮಿತಿಗೆ ಒಳಪಟ್ಟಿರುತ್ತದೆ. ನಿಮ್ಮ ನಗರದ ಕ್ಲೇಮಿನ ನಮೂನೆ ಸಾಮಾನ್ಯವಾಗಿ ಸಿಟಿ ಕ್ಲರ್ಕ್ ಕಚೇರಿಯಲ್ಲಿ ಸಿಗುತ್ತದೆ. ನ್ಯೂಯಾರ್ಕ್ ನಗರದಲ್ಲಿ ಮಾತ್ರ ಕ್ಲೇಮುಗಳನ್ನು ಸ್ವೀಕರಿಸಿ ಇತ್ಯರ್ಥ ಮಾಡುವುದು ನಗರದ ಹಣಕಾಸು ನೋಡುವ ಕಂಟ್ರೋಲರ್ ಕಚೇರಿ.

ಗಡುವಿನ ಬಗ್ಗೆ ಕಟ್ಟುನಿಟ್ಟಾಗಿ ಹೇಳಬೇಕಾದ ಎರಡು ಮಾತುಗಳಿವೆ. ಹಾರ್ಬರ್ ಪೊಲೀಸರೊಂದಿಗೆ ಮಾತನಾಡಿದ್ದು, ಕೌನ್ಸಿಲ್ ಸದಸ್ಯರಿಗೆ ಇಮೇಲ್ ಕಳಿಸಿದ್ದು, ಸಭೆಯಲ್ಲಿ ಎದ್ದು ನಿಂತು ದೂರು ಹೇಳಿದ್ದು ನೋಟಿಸಿಗೆ ಸಮನೆಂದು ನಂಬಬಾರದು. ಕ್ಲೇಮನ್ನು ಕೈಯಾರೆ ಕೊಟ್ಟು ಎರಡನೆಯ ಪ್ರತಿಯ ಮೇಲೆ ತಾರೀಖಿನ ಮುದ್ರೆ ಹಾಕಿಸಿಕೊಳ್ಳುವುದು, ಇಲ್ಲವೇ ಸ್ವೀಕೃತಿ ಮರಳಿ ಬರುವಂತೆ ಸರ್ಟಿಫೈಡ್ ಅಂಚೆಯಲ್ಲಿ ಕಳಿಸುವುದು ಕ್ಷೇಮ. ಎರಡನೆಯದಾಗಿ, ನಗರದ ಪರವಾಗಿ ಕ್ಲೇಮು ಪರಿಶೀಲಿಸುವ ಅಜಸ್ಟರ್ ಒಳ್ಳೆಯ ಮಾತನಾಡುತ್ತಿದ್ದಾರೆ, ಇತ್ಯರ್ಥ ಆಗಿಯೇ ಬಿಡುತ್ತದೆ ಎಂಬ ಭಾವನೆಯಲ್ಲಿ ಗಡುವನ್ನು ದಾಟಿಸಬಾರದು. ಮಾತುಕತೆ ನಡೆಯುತ್ತಿದೆ ಎಂದ ಮಾತ್ರಕ್ಕೆ ಗಡುವು ನಿಲ್ಲುವುದಿಲ್ಲ.

ಕ್ಲೇಮಿನಲ್ಲಿ ಏನು ಬರೆಯಬೇಕು

ಕ್ಯಾಲಿಫೋರ್ನಿಯಾದ ಕಾಯಿದೆಯನ್ನು ಮಾದರಿಯಾಗಿ ತೆಗೆದುಕೊಂಡರೆ, ಕ್ಲೇಮುದಾರರ ಹೆಸರು ಮತ್ತು ವಿಳಾಸ, ಪತ್ರಗಳನ್ನು ಕಳಿಸಬೇಕಾದ ವಿಳಾಸ, ಘಟನೆಯ ದಿನ, ಸ್ಥಳ ಮತ್ತು ಸಂದರ್ಭ, ಹಾನಿಯ ಸಾಮಾನ್ಯ ವಿವರ, ಗೊತ್ತಿದ್ದಲ್ಲಿ ಕಾರಣರಾದ ನೌಕರರ ಹೆಸರು, ಇಷ್ಟು ಇರಲೇಬೇಕು. ಮೊತ್ತದ ವಿಷಯದಲ್ಲಿ ಒಂದು ವಿಚಿತ್ರ ನಿಯಮವಿದೆ. ಕೋರುವ ಮೊತ್ತ 10,000 ಡಾಲರ್ ಮೀರದಿದ್ದರೆ ಅದನ್ನೂ ಅದರ ಲೆಕ್ಕದ ಆಧಾರವನ್ನೂ ಬರೆಯಬೇಕು. ಮೀರಿದ್ದರೆ ಡಾಲರ್ ಸಂಖ್ಯೆಯನ್ನು ಬರೆಯಲೇಬಾರದು, ಪ್ರಕರಣ ಸೀಮಿತ ಸಿವಿಲ್ ವರ್ಗಕ್ಕೆ, ಅಂದರೆ ಕಡಿಮೆ ಮೊತ್ತದ ದಾವೆಗಳ ವರ್ಗಕ್ಕೆ, ಸೇರುತ್ತದೆಯೇ ಇಲ್ಲವೇ ಎಂದಷ್ಟೇ ಸೂಚಿಸಬೇಕು. ಕ್ಲೇಮಿನಲ್ಲಿ ಕೊರತೆ ಕಂಡರೆ ನಗರ 20 ದಿನಗಳೊಳಗೆ ತಿಳಿಸಬಹುದು. ಅಂಥ ಪತ್ರ ಬಂದರೆ ತಡಮಾಡದೆ ತಿದ್ದಿ ಕೊಡಿ.

ಘಟನೆಯ ವಿವರಣೆ ಚಿಕ್ಕದಾಗಿದ್ದು, ವಿಶೇಷಣಗಳಿಲ್ಲದೆ, ಅಳೆಯಬಹುದಾದ ಸಂಗತಿಗಳಿಂದ ತುಂಬಿರಬೇಕು. ಉದಾಹರಣೆಗೆ ಹೀಗೆ ಬರೆಯಬಹುದು: "ಬೆಳಿಗ್ಗೆ ಸುಮಾರು ಹತ್ತು ಗಂಟೆಗೆ ನನ್ನ ದೋಣಿಯು ಮರೀನಾದಲ್ಲಿ ನನಗೆ ಕೊಟ್ಟಿರುವ ಜಾಗದಲ್ಲಿ, ಎಂಜಿನ್ ನಿಂತ ಸ್ಥಿತಿಯಲ್ಲಿ, ಮುಂದೆ ಎರಡು ಮತ್ತು ಹಿಂದೆ ಎರಡು ಹಗ್ಗಗಳಿಂದ ಕಟ್ಟಲ್ಪಟ್ಟಿತ್ತು. ನಗರ ಪೊಲೀಸ್ ಇಲಾಖೆಯ ಗಸ್ತು ದೋಣಿಯು ಪಕ್ಕದ ಜಾಗಕ್ಕೆ ಹಿಂದೆ ಸರಿಯುವಾಗ ಅದರ ಹಿಂಭಾಗದ ಬಲ ಮೂಲೆಯು ನನ್ನ ದೋಣಿಯ ಎಡಬದಿಗೆ, ನೀರಿನ ಮಟ್ಟಕ್ಕಿಂತ ತುಸು ಮೇಲೆ, ಬಡಿಯಿತು." ಇದರಲ್ಲಿ ಕೋಪವಿಲ್ಲ, ಆರೋಪದ ಮಾತಿಲ್ಲ. ಆದರೂ ನಿಂತ ದೋಣಿಗೆ ಚಲಿಸುವ ದೋಣಿ ಬಡಿಯಿತೆಂಬ, ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಓದಿದ ಕೂಡಲೇ ತಿಳಿಯುತ್ತದೆ. ಗೊತ್ತಿಲ್ಲದ ವೇಗವನ್ನು ಊಹಿಸಿ ಬರೆಯಬೇಡಿ. ಜಿಪಿಎಸ್ ದಾಖಲೆ ಬೇರೆ ಸಂಖ್ಯೆ ತೋರಿಸಿದರೆ ಉಳಿದ ಮಾತಿಗೂ ಬೆಲೆ ಹೋಗುತ್ತದೆ. ಹಾನಿಯ ವಿವರಣೆಯಲ್ಲಿ ಮಾತ್ರ "ಇನ್ನೂ ಪರೀಕ್ಷೆಯಾಗದ ಒಳಭಾಗದ ಹಾನಿಯೂ ಸೇರಿದಂತೆ" ಎಂಬ ಮಾತನ್ನು ತಪ್ಪದೆ ಸೇರಿಸಿ.

ಕಡಲ ಕಾನೂನು ನಿಮ್ಮ ಪರವಾಗಿ ಏನು ಹೇಳುತ್ತದೆ

ಅಪಘಾತವಾದ ನೀರು ಹಡಗು ಸಂಚಾರಕ್ಕೆ ಯೋಗ್ಯವಾಗಿದ್ದು ಅಂತರರಾಜ್ಯ ಅಥವಾ ವಿದೇಶಿ ವ್ಯಾಪಾರದ ದಾರಿಯಾಗಬಲ್ಲದಾದರೆ, ಪ್ರಕರಣ ಕೇಂದ್ರದ ಅಡ್ಮಿರಾಲ್ಟಿ ಕಾನೂನಿಗೆ, ಅಂದರೆ ಕಡಲ ಕಾನೂನಿಗೆ, ಒಳಪಡಬಹುದು. ಒಂದೇ ರಾಜ್ಯದೊಳಗೆ ಹೊರದಾರಿಯಿಲ್ಲದೆ ಸುತ್ತುವರಿದ ಸರೋವರವಾದರೆ ರಾಜ್ಯದ ಕಾನೂನೇ ಅನ್ವಯಿಸುತ್ತದೆ. ಈ ವ್ಯತ್ಯಾಸ ಪಂಡಿತರ ಚರ್ಚೆಗೆ ಮಾತ್ರ ಸೇರಿದ್ದಲ್ಲ. ಸರ್ಕಾರಿ ಸಂಸ್ಥೆಯೆಂಬ ಕಾರಣಕ್ಕೆ ಹೊಣೆಯಿಂದ ಪಾರಾಗುವ ನಗರದ ರಕ್ಷಾಕವಚ ಎಷ್ಟು ಗಟ್ಟಿ ಎಂಬುದು ಇದರ ಮೇಲೆ ನಿಂತಿದೆ.

1900ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ವರ್ಕ್‌ಮನ್ ಪ್ರಕರಣವನ್ನು ನೋಡಿ. ನ್ಯೂಯಾರ್ಕ್ ನಗರದ 'ನ್ಯೂಯಾರ್ಕರ್' ಎಂಬ ಅಗ್ನಿಶಾಮಕ ದೋಣಿ ಬೆಂಕಿ ಆರಿಸಲು ಹೋಗುತ್ತಾ, ಕಟ್ಟೆಗೆ ಕಟ್ಟಿದ್ದ 'ಲಿಂಡಾ ಪಾರ್ಕ್' ಎಂಬ ಹಡಗಿಗೆ ಬಡಿದಿತ್ತು. ಸ್ಥಳೀಯ ಕಾನೂನಿನಂತೆ ಅಗ್ನಿಶಾಮಕ ಸೇವೆಯ ತಪ್ಪಿಗೆ ನಗರ ಹೊಣೆಯಲ್ಲ ಎಂಬ ವಾದವನ್ನು ಕೋರ್ಟ್ ಒಪ್ಪಲಿಲ್ಲ. ಕಡಲ ಕಾನೂನಿನಲ್ಲಿ ನಗರವೂ ಹೊಣೆಗಾರನೇ ಎಂದಿತು. ಒಂದು ಶತಮಾನದ ನಂತರ, 2006ರಲ್ಲಿ, ಜಾರ್ಜಿಯಾ ರಾಜ್ಯದ ಚಾಥಮ್ ಕೌಂಟಿಯ (ಕೌಂಟಿಯೆಂದರೆ ಜಿಲ್ಲೆಯಂಥ ಆಡಳಿತ ಘಟಕ) ಪ್ರಕರಣದಲ್ಲಿ ಇದೇ ಜಾಡು ಮುಂದುವರಿಯಿತು. ಕೌಂಟಿ ನಡೆಸುತ್ತಿದ್ದ, ಮೇಲೆತ್ತಿ ಇಳಿಸುವ ಸೇತುವೆಯೊಂದು ಕೆಟ್ಟು ದೋಣಿಗೆ ತಗಲಿತ್ತು; ವಿಮಾ ಕಂಪನಿ 1,30,000 ಡಾಲರಿಗೂ ಹೆಚ್ಚು ಹಣ ತೆತ್ತು, ಅದನ್ನು ಕೌಂಟಿಯಿಂದ ವಸೂಲು ಮಾಡಲು ಹೊರಟಿತ್ತು. ರಾಜ್ಯದ ಅಂಗವಾಗಿ ವರ್ತಿಸದ ಕೌಂಟಿಗೆ ಸಾರ್ವಭೌಮ ರಕ್ಷಣೆ ಸಿಗದು ಎಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು. ನಗರದ ವಕೀಲರ ಮೊದಲ ಪತ್ರದಲ್ಲಿ ಸರ್ಕಾರಿ ರಕ್ಷಣೆಯ ಮಾತು ಬಂದರೆ ಹೆದರಿ ಹಿಂದೆ ಸರಿಯುವ ಮೊದಲು ಈ ಎರಡು ತೀರ್ಪುಗಳನ್ನು ನೆನಪಿಸಿಕೊಳ್ಳಿ.

ತಪ್ಪಿನ ವಿಷಯದಲ್ಲಿ, ಚಲಿಸುತ್ತಿರುವ ಹಡಗು ನಿಂತ ಹಡಗಿಗೆ ಬಡಿದರೆ ಚಲಿಸುತ್ತಿದ್ದುದರದ್ದೇ ತಪ್ಪೆಂದು ಭಾವಿಸುವ ನಿಯಮ 1895ರ 'ದಿ ಆರಿಗನ್' ತೀರ್ಪಿನಿಂದ ಬಂದಿದೆ. ಹಾಗಲ್ಲವೆಂದು ತೋರಿಸುವ ಭಾರ ಅದರ ಮಾಲೀಕರ ಮೇಲೆ ಬೀಳುತ್ತದೆ. ಎರಡೂ ಕಡೆ ತಪ್ಪಿದ್ದರೆ 1975ರ ರಿಲಯಬಲ್ ಟ್ರಾನ್ಸ್‌ಫರ್ ತೀರ್ಪಿನ ನಂತರ ಹೊಣೆಯನ್ನು ತಪ್ಪಿನ ಪ್ರಮಾಣಕ್ಕೆ ತಕ್ಕಂತೆ ಹಂಚುತ್ತಾರೆ. ಹಾಗಾಗಿ ರಾತ್ರಿ ಲಂಗರು ಹಾಕಿದ್ದಾಗ ನಿಮ್ಮ ದೀಪ ಉರಿಯುತ್ತಿರಲಿಲ್ಲ ಎಂಬಂಥ ಸಂಗತಿಯಿದ್ದರೆ ಅದನ್ನು ಮುಚ್ಚಿಡದೆ, ಅದರ ಪಾಲು ಎಷ್ಟಿರಬಹುದೆಂದು ಮೊದಲೇ ಯೋಚಿಸಿಕೊಳ್ಳುವುದು ಜಾಣತನ.

ಇದೇ ಕಾನೂನು ನಗರಕ್ಕೂ ಒಂದು ಆಯುಧ ಕೊಟ್ಟಿದೆ. 1851ರ ಹೊಣೆ ಮಿತಿ ಕಾಯಿದೆಯಡಿ, ಮಾಲೀಕರ ಅರಿವಿಲ್ಲದೆ ಆದ ತಪ್ಪಿಗೆ ಹೊಣೆಯನ್ನು ಅಪಘಾತದ ನಂತರ ಉಳಿದ ಹಡಗಿನ ಬೆಲೆಗೆ ಸೀಮಿತಗೊಳಿಸಲು ಮಾಲೀಕರು ಕೋರಬಹುದು. ಲಿಖಿತ ಕ್ಲೇಮು ಬಂದ ಆರು ತಿಂಗಳೊಳಗೆ ಅವರು ಕೋರ್ಟಿಗೆ ಹೋಗಬೇಕು. 2003ರ ಸ್ಟೇಟನ್ ಐಲೆಂಡ್ ಫೆರಿ ದುರಂತದ ನಂತರ ನ್ಯೂಯಾರ್ಕ್ ನಗರ ಇದನ್ನು ಪ್ರಯತ್ನಿಸಿತು, ಆದರೆ ಫೆರಿ ನಡೆಸುವಾಗ ಇಬ್ಬರು ಪೈಲಟ್‌ಗಳಿರಬೇಕೆಂಬ ತನ್ನದೇ ನಿಯಮವನ್ನು ಜಾರಿ ಮಾಡದಿದ್ದ ಕಾರಣ ನ್ಯಾಯಾಲಯಗಳು ಒಪ್ಪಲಿಲ್ಲ. ಸಣ್ಣ ಗಸ್ತು ದೋಣಿಯಿಂದ ದೊಡ್ಡ ಹಾನಿಯಾದಾಗ ಈ ಕಾಯಿದೆ ಅಡ್ಡಬರಬಹುದು. ಇಂಥ ಅರ್ಜಿಯ ನೋಟಿಸು ಬಂದ ದಿನವೇ ಕಡಲ ಕಾನೂನು ಬಲ್ಲ ವಕೀಲರನ್ನು ಹಿಡಿಯಬೇಕು.

ಕಡಲ ಕಾನೂನಿನ ಕ್ಲೇಮಿಗೆ ರಾಜ್ಯದ ನೋಟಿಸು ಗಡುವು ಅನ್ವಯಿಸದು ಎಂಬ ವಾದವನ್ನೂ ನೀವು ಕೇಳಬಹುದು. ಅದನ್ನು ನೆಚ್ಚಿಕೊಂಡು ಗಡುವು ಬಿಡುವುದು ತರವಲ್ಲ.

ನಷ್ಟದ ಲೆಕ್ಕ

ಹೊರಗೆ ಕಾಣುವ ಗೀರಿಗಿಂತ ಒಳಗಿನ ಪೆಟ್ಟು ದೊಡ್ಡದಾಗಿರುವುದು ಫೈಬರ್‌ಗ್ಲಾಸ್ ದೋಣಿಗಳಲ್ಲಿ ಸಾಮಾನ್ಯ. ದೋಣಿಯನ್ನು ನೀರಿನಿಂದ ಎತ್ತಿಸಿ, ನಗರದ ಪ್ರತಿನಿಧಿಗೂ ಮುಂಚಿತವಾಗಿ ತಿಳಿಸಿ, ಸ್ವತಂತ್ರ ಮರೀನ್ ಸರ್ವೇಯರ್ ಒಬ್ಬರಿಂದ ಪರೀಕ್ಷೆ ಮಾಡಿಸಿ. ಸರ್ವೇಯರ್ ಒಡಲಿನ ಉದ್ದಕ್ಕೂ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗುತ್ತಾರೆ. ಗಟ್ಟಿಯಾದ ಜಾಗದಲ್ಲಿ ಸದ್ದು ಚುರುಕಾಗಿ ಬರುತ್ತದೆ, ಪದರಗಳು ಬಿಟ್ಟುಕೊಂಡ ಜಾಗದಲ್ಲಿ ಅದು ಮಂಕಾಗುತ್ತದೆ. ತೇವ ಅಳೆಯುವ ಮೀಟರನ್ನು ಒಡಲಿಗೆ ಹಿಡಿದು ನೀರು ಒಳಪದರಕ್ಕೆ ಇಳಿದಿದೆಯೇ ನೋಡುತ್ತಾರೆ. ನೆಲದ ಹಲಗೆ ಎತ್ತಿ, ಒಡಲಿಗೆ ಬಲ ಕೊಡುವ ಉದ್ದದ ತೊಲೆಗಳು ಅಂಟಿನಿಂದ ಕಳಚಿಕೊಂಡಿವೆಯೇ, ಎಂಜಿನ್ನಿನ ಆಧಾರಗಳು ಜರುಗಿವೆಯೇ, ಚಾಲಕ ದಂಡ ನೇರವಾಗಿದೆಯೇ ಎಂದು ಪರಿಶೀಲಿಸುತ್ತಾರೆ. ಮಾಲೀಕರು ಸ್ವತಃ ಅಲ್ಲಿದ್ದು ನೋಡುವುದು ಒಳ್ಳೆಯದು, ಏಕೆಂದರೆ ಮುಂದೆ ಅಜಸ್ಟರ್ ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದವರು ಅವರೇ. ಡಾಕಿನ ವಿಷಯದಲ್ಲಿ ನೀರಿನ ಮೇಲಿನ ಕಂಬ ನೆಟ್ಟಗಿದ್ದ ಮಾತ್ರಕ್ಕೆ ತೃಪ್ತರಾಗದೆ, ಮಣ್ಣಿನ ಹತ್ತಿರ ಅದು ಬಿರಿದಿದೆಯೇ ಎಂದು ಮುಳುಗುಗಾರರಿಂದ ನೋಡಿಸಬೇಕು.

ದುರಸ್ತಿಯ ಖರ್ಚು, ಎತ್ತಿಸಿದ್ದು, ಎಳೆಸಿದ್ದು, ದೋಣಿ ದುರಸ್ತಿಯ ಯಾರ್ಡಿನಲ್ಲಿ ಇಟ್ಟ ಬಾಡಿಗೆ ಇವುಗಳ ಬಿಲ್ಲುಗಳನ್ನು ಸೇರಿಸಿ. ಸರ್ವೆಯ ಶುಲ್ಕವನ್ನೂ ಕೇಳಿ. ದುರಸ್ತಿಯ ಖರ್ಚು ಅಪಘಾತಕ್ಕೆ ಮುಂಚಿನ ಮಾರುಕಟ್ಟೆ ಬೆಲೆಯನ್ನು ಮೀರಿದರೆ, ಪೂರ್ಣ ನಷ್ಟವೆಂದು ಪರಿಗಣಿಸಿ, ಆ ಬೆಲೆಯಿಂದ ಅವಶೇಷದ ಬೆಲೆ ಕಳೆದು ಉಳಿದದ್ದನ್ನು ಕೊಡುತ್ತಾರೆ. ಹಳೆಯ ಡಾಕಿಗೆ ಹೊಸ ಮರ ಹಾಕಿದಾಗ ಸವಕಳಿಯ ಹೆಸರಿನಲ್ಲಿ ಕಡಿತ ಕೇಳುತ್ತಾರೆ; ಡಾಕಿನ ವಯಸ್ಸು ಮತ್ತು ಹಿಂದಿನ ದುರಸ್ತಿಯ ರಸೀದಿಗಳಿದ್ದರೆ ಈ ಚರ್ಚೆ ಬೇಗ ಮುಗಿಯುತ್ತದೆ. ಬಳಸಲಾಗದೆ ಹೋದ ದಿನಗಳಿಗೆ ಪರಿಹಾರ ಕೇಳುವವರಿಗೆ ಒಂದು ಎಚ್ಚರಿಕೆ: 1897ರ 'ದಿ ಕಾಂಕರರ್' ತೀರ್ಪಿನ ಆಧಾರದಲ್ಲಿ, ವಿಹಾರಕ್ಕೆ ಮಾತ್ರ ಬಳಸುವ ದೋಣಿಗೆ ಇಂಥ ಪರಿಹಾರವನ್ನು ಕಡಲ ಕಾನೂನಿನಲ್ಲಿ ನ್ಯಾಯಾಲಯಗಳು ಸಾಮಾನ್ಯವಾಗಿ ಕೊಡುವುದಿಲ್ಲ. ಬಾಡಿಗೆಗೆ ಬಿಡುವ ದೋಣಿಯಾದರೆ ಹಿಂದಿನ ವರ್ಷಗಳ ಲೆಕ್ಕಪತ್ರ ಇಟ್ಟು ಕೇಳಬಹುದು.

ನಿಮ್ಮದೇ ವಿಮೆ ಇದ್ದರೆ ಮೊದಲ ದಿನವೇ ಕಂಪನಿಗೆ ತಿಳಿಸಿ. ಅದು ದುರಸ್ತಿಗೆ ಹಣ ಕೊಟ್ಟರೆ ನಗರದಿಂದ ವಸೂಲು ಮಾಡುವ ಹಕ್ಕು ಅಷ್ಟರಮಟ್ಟಿಗೆ ಅದಕ್ಕೆ ಹೋಗುತ್ತದೆ. ನಿಮ್ಮ ಪಾಲಿಗೆ ಉಳಿಯುವುದು ಡಿಡಕ್ಟಿಬಲ್ (ವಿಮೆಯ ಕರಾರಿನಂತೆ ನೀವೇ ಭರಿಸಬೇಕಾದ ಮೊತ್ತ) ಮತ್ತು ವಿಮೆ ತುಂಬದ ಖರ್ಚು. ಕಂಪನಿಯ ಒಪ್ಪಿಗೆಯಿಲ್ಲದೆ ಇನ್ನು ಮುಂದೆ ಏನೂ ಕೇಳುವುದಿಲ್ಲವೆಂಬ ನಗರದ ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಆ ಹಕ್ಕನ್ನು ನಾಶಮಾಡಿದರೆ, ವಿಮಾ ಕಂಪನಿ ನಿಮ್ಮ ಮೇಲೆಯೇ ತಿರುಗಬಹುದು.

ನಗರದೊಳಗೆ ಕಡತ ನಡೆಯುವ ದಾರಿ

ಕ್ಲರ್ಕ್ ಕಚೇರಿಯಿಂದ ಕ್ಲೇಮು ಅಪಾಯ ನಿರ್ವಹಣಾ ವಿಭಾಗಕ್ಕೋ ನಗರ ನೇಮಿಸಿದ ಹೊರಗಿನ ಅಜಸ್ಟಿಂಗ್ ಸಂಸ್ಥೆಗೋ ಹೋಗುತ್ತದೆ. ಅಜಸ್ಟರ್ ಸಂಬಂಧಪಟ್ಟ ಇಲಾಖೆಯ ಹೇಳಿಕೆ ಪಡೆದು, ಹಾನಿ ನೋಡಿ, ನಗರದ ವಕೀಲರಿಗೆ ಶಿಫಾರಸು ಬರೆಯುತ್ತಾರೆ. ಸಣ್ಣ ಮೊತ್ತಗಳನ್ನು ಇತ್ಯರ್ಥ ಮಾಡುವ ಅಧಿಕಾರವನ್ನು ಅನೇಕ ನಗರಗಳು ಅಧಿಕಾರಿಗಳಿಗೆ ಕೊಟ್ಟಿರುತ್ತವೆ. ಆ ಮಿತಿ ದಾಟಿದರೆ ಸಿಟಿ ಕೌನ್ಸಿಲ್ ಒಪ್ಪಬೇಕು. ನ್ಯೂಯಾರ್ಕಿನಲ್ಲಿ ನಗರ ನಿಮ್ಮನ್ನು ಕರೆಸಿ ಪ್ರಮಾಣದ ಮೇಲೆ ಪ್ರಶ್ನಿಸುವ ಹಕ್ಕು ಹೊಂದಿದೆ. ಅಲ್ಲಿ ಕೊಟ್ಟ ಉತ್ತರಗಳು ಮುಂದೆ ಕೋರ್ಟಿನಲ್ಲಿಯೂ ಬರುವುದರಿಂದ ಕ್ಲೇಮಿನ ಪ್ರತಿಯನ್ನು ಮತ್ತೊಮ್ಮೆ ಓದಿಕೊಂಡು ಹೋಗಿ.

ಕ್ಯಾಲಿಫೋರ್ನಿಯಾದಲ್ಲಿ ನಗರ 45 ದಿನಗಳೊಳಗೆ ತೀರ್ಮಾನಿಸದಿದ್ದರೆ ಕ್ಲೇಮು ತಿರಸ್ಕೃತವಾಯಿತೆಂದೇ ಅರ್ಥ. ಲಿಖಿತ ತಿರಸ್ಕಾರ ಪತ್ರ ಬಂದರೆ, ಅದನ್ನು ಕಳಿಸಿದ ದಿನದಿಂದ ಆರು ತಿಂಗಳೊಳಗೆ ದಾವೆ ಹೂಡಬೇಕು. ಪತ್ರವೇ ಬಾರದಿದ್ದರೆ ಎರಡು ವರ್ಷ. ತಿರಸ್ಕಾರ ಪತ್ರ ಬಂತೆಂದು ಎದೆಗುಂದಬೇಡಿ, ಮಾತುಕತೆ ಅದರ ನಂತರವೂ ನಡೆಯಬಹುದು. ಮೊತ್ತ ಚಿಕ್ಕದಾಗಿದ್ದರೆ ಸ್ಮಾಲ್ ಕ್ಲೇಮ್ಸ್ ಕೋರ್ಟಿನ ದಾರಿಯೂ ಇದೆ. ಕ್ಯಾಲಿಫೋರ್ನಿಯಾದಲ್ಲಿ ವ್ಯಕ್ತಿಗಳಿಗೆ 2024ರಿಂದ ಅದರ ಮಿತಿ 12,500 ಡಾಲರ್. ಅಲ್ಲಿಗೆ ಹೋಗುವ ಮೊದಲೂ ನಗರಕ್ಕೆ ಕ್ಲೇಮು ಕೊಟ್ಟಿರಲೇಬೇಕು.

ಇತ್ಯರ್ಥದ ಮಾತು ಬಂದಾಗ ಒಂದೇ ಸಂಖ್ಯೆ ಹೇಳುವ ಬದಲು ಸರ್ವೆ ವರದಿ, ಎರಡು ಬೇರೆ ಯಾರ್ಡುಗಳ ಅಂದಾಜು ಮತ್ತು ಪಾವತಿಸಿದ ಬಿಲ್ಲುಗಳನ್ನು ಜೋಡಿಸಿದ ಪತ್ರ ಕೊಡಿ. ಶಿಫಾರಸು ಬರೆಯುವ ಅಧಿಕಾರಿಯು ತನ್ನ ಮೇಲಿನವರಿಗೆ ಪ್ರತಿ ಡಾಲರಿಗೂ ಆಧಾರ ತೋರಿಸಬೇಕಾಗಿರುತ್ತದೆ. ಆ ಆಧಾರವನ್ನು ನೀವೇ ಕೈಗೆ ಕೊಟ್ಟರೆ ಕಡತ ಸಲೀಸಾಗಿ ಸಾಗುತ್ತದೆ. ಕೌನ್ಸಿಲ್ ಬಾಗಿಲು ಮುಚ್ಚಿದ ಸಭೆಯಲ್ಲಿ ಚರ್ಚಿಸಿದರೂ ಒಪ್ಪಿದ ಮೊತ್ತ ಸಾಮಾನ್ಯವಾಗಿ ಸಾರ್ವಜನಿಕ ದಾಖಲೆಯಾಗುತ್ತದೆ, ಆದ್ದರಿಂದ ಗುಟ್ಟಾಗಿರುತ್ತದೆಂದು ನಿರೀಕ್ಷಿಸಬೇಡಿ.

ಕೊನೆಯಲ್ಲಿ ಬರುವ ಬಿಡುಗಡೆ ಪತ್ರವನ್ನು ಅಕ್ಷರ ಅಕ್ಷರ ಓದಿ. ನಗರ ತಪ್ಪೊಪ್ಪಿಕೊಂಡಿಲ್ಲ ಎಂಬ ವಾಕ್ಯ ಅದರಲ್ಲಿ ಸಾಮಾನ್ಯ, ಅದಕ್ಕೆ ನೊಂದುಕೊಳ್ಳಬೇಕಾಗಿಲ್ಲ. ನಿಜವಾದ ಅಪಾಯ ಬೇರೆಡೆ ಇದೆ. ಕ್ಯಾಲಿಫೋರ್ನಿಯಾದ ಸಿವಿಲ್ ಸಂಹಿತೆಯ 1542ನೇ ಕಲಮಿನಂತೆ, ಸಹಿ ಮಾಡುವಾಗ ಗೊತ್ತಿಲ್ಲದಿದ್ದ ಹಾನಿಯ ಹಕ್ಕು ಸಾಮಾನ್ಯ ಬಿಡುಗಡೆಯಿಂದ ಹೋಗುವುದಿಲ್ಲ. ಆದರೆ ಬಿಡುಗಡೆ ಪತ್ರಗಳಲ್ಲಿ ಆ ರಕ್ಷಣೆಯನ್ನು ಬಿಟ್ಟುಕೊಡುವ ಷರತ್ತನ್ನೇ ಸೇರಿಸುತ್ತಾರೆ. ಅದಕ್ಕೆ ಸಹಿ ಬಿದ್ದ ಮೇಲೆ ಮುಂದಿನ ಋತುವಿನಲ್ಲಿ ಒಡಲು ನೀರು ಕುಡಿಯತೊಡಗಿದರೂ ನಗರವನ್ನು ಕೇಳುವಂತಿಲ್ಲ. ಆದ್ದರಿಂದ ದೋಣಿಯನ್ನು ನೀರಿನಿಂದ ಎತ್ತಿ ಪರೀಕ್ಷಿಸದೆ, ಸಾಧ್ಯವಾದರೆ ದುರಸ್ತಿ ಮುಗಿದು ಒಮ್ಮೆ ನೀರಿಗಿಳಿಸಿ ನೋಡದೆ, ಸಹಿ ಹಾಕಬೇಡಿ. ಯಾರಿಗಾದರೂ ಗಾಯವೂ ಆಗಿದ್ದರೆ ಪತ್ರವು ಸ್ವತ್ತಿನ ಹಾನಿಗಷ್ಟೇ ಸೀಮಿತವೆಂದು ಬರೆಸಿ. ದೋಣಿಯ ಮೇಲೆ ಸಾಲವಿದ್ದರೆ ಚೆಕ್ಕಿನಲ್ಲಿ ಬ್ಯಾಂಕಿನ ಹೆಸರೂ ಬರಬಹುದು. ಯಾರ ಹೆಸರಿಗೆ, ಸಹಿಯಾದ ಎಷ್ಟು ದಿನಗಳೊಳಗೆ ಹಣ ಬರುತ್ತದೆ ಎಂಬುದು ಪತ್ರದಲ್ಲೇ ಇರಲಿ.